ನೀರು ಹಾಕುವ ಆದಿಲಕ್ಷ್ಮಿ

"ಬಾಯಿ ಮುಚ್ಕೊಳ್ಳಿ ಅಕ್ಕಾ. ಬಾಯಿ ತೆಗೆದ್ರೆ ಗಾಳಿಯೆಲ್ಲ ಅಲ್ಲಿಂದ್ಲೇ ಹೋಗ್ಬಿಡುತ್ತೆ," ಎಂದ ಮುನೀರ್.

ಆದಿಲಕ್ಷ್ಮಿ ಬಾಯಿ ಮುಚ್ಚಿದಳು. ಮೂಗಿನ ಮೇಲೆ ಕೂತ ಮಾಸ್ಕಿನ ರಬ್ಬರು ಅಂಚು ಎರಡೂ ಕೆನ್ನೆಗೆ ಒತ್ತಿತು. ಮುನೀರ್ ತಲೆಯ ಹಿಂದೆ ಪಟ್ಟಿಗಳನ್ನು ಎಳೆದು ಸರಿಮಾಡಿ, ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಯಂತ್ರದ ಗುಂಡಿ ಒತ್ತಿದ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಿದ್ದ ಅದು ಮೆಲ್ಲಗೆ ಗುಂಯ್‌ಗುಟ್ಟಿತು. ಉದ್ದನೆಯ ಕೊಳವೆಯಲ್ಲಿ ಹರಿದು ಬಂದ ಗಾಳಿ ಅವಳ ಮೂಗಿಗೆ ನುಗ್ಗಿತು. ಮೂರು ಎಣಿಸುವಷ್ಟರಲ್ಲಿ ಅವಳು ಎರಡೂ ಕೈಗಳಿಂದ ಮಾಸ್ಕನ್ನು ಕಿತ್ತು ತೆಗೆದು, ಸೆರಗಿನಿಂದ ಮುಖವನ್ನು ಮತ್ತೆ ಮತ್ತೆ ಒರೆಸಿಕೊಂಡಳು. ಮುಖದ ಮೇಲೆ ನೀರೇನೂ ಇರಲಿಲ್ಲ.

"ಪರವಾಗಿಲ್ಲ. ಮೊದಲ್ನೇ ದಿನ ಎಲ್ರೂ ಹಿಂಗೇ. ಫ್ರೇಜರ್ ಟೌನಲ್ಲಿ ಒಬ್ರು ರಿಟೈರ್ಡ್ ಪೊಲೀಸು ನನ್ ಕೆನ್ನೆಗೇ ಬಾರಿಸ್ಬಿಟ್ರು. ಅವರ್ಗಿಂತ ನೀವು ವಾಸಿ."

ಬಾಗಿಲಿಗೆ ಒರಗಿ ನಿಂತಿದ್ದ ಅವಳ ಗಂಡ ಸಂಜೀವಪ್ಪ ನಕ್ಕ. "ಸ್ವಲ್ಪ ಆ ಕಡೆ ಕೂತ್ಕೊಳ್ಳಪ್ಪ. ಅವಳ ಕೈ ನಿಂಗೆ ಗೊತ್ತಿಲ್ಲ. ಐನೂರು ಮಕ್ಕಳ ಬೆನ್ನು ತಿಕ್ಕಿರೋ ಕೈ ಅದು."

ಮುನೀರ್ ಶಿವಾಜಿನಗರದ ಆಸ್ಪತ್ರೆ ಸಾಮಾನಿನ ಅಂಗಡಿಯವನು. ನಲವತ್ತು ದಾಟಿದ, ಗಡ್ಡ ಅಲ್ಲಲ್ಲಿ ನರೆತ ಮನುಷ್ಯ. ಸಂಜೀವಪ್ಪ ಕೆಲಸ ಮಾಡುವ ಕಾರ್ಖಾನೆಯ ಡಾಕ್ಟರು ಬರೆದುಕೊಟ್ಟ ಚೀಟಿಯ ಮೇಲೆ ಒಂದು ತಿಂಗಳ ಮಟ್ಟಿಗೆ ಯಂತ್ರವನ್ನು ತಂದಿಟ್ಟಿದ್ದ. ಅದರ ಬೆನ್ನಿನಲ್ಲಿ ಸಿಕ್ಕಿಸಿದ್ದ ಚಿಕ್ಕ ಕಾರ್ಡನ್ನು ಹೊರತೆಗೆದು ತೋರಿಸಿದ. "ರಾತ್ರಿ ಎಷ್ಟು ಗಂಟೆ ಹಾಕ್ಕೊಂಡ್ರಿ ಅಂತ ಇದ್ರಲ್ಲಿ ಬರ್ಕೊಳ್ತಾ ಹೋಗುತ್ತೆ. ತಿಂಗಳು ಆದ್ಮೇಲೆ ಡಾಕ್ಟರು ನೋಡ್ತಾರೆ. ಸರಿಯಾಗಿ ಹಾಕ್ಕೊಂಡಿದ್ರೆ ಮೆಷಿನ್ ನಿಮ್ಗೇ."

"ಹಾಕ್ಕೊಳ್ದಿದ್ರೆ?" ಎಂದು ಕೇಳಿದಳು ಆದಿಲಕ್ಷ್ಮಿ.

ಮುನೀರ್ ಸಂಜೀವಪ್ಪನ ಮುಖ ನೋಡಿದ.

ಉತ್ತರ ಅವಳಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ಅವಳ ತಲೆಗೆ, ಎದೆಗೆ, ಬೆರಳಿಗೆ ವೈರುಗಳನ್ನು ಅಂಟಿಸಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿದ್ದರು. ಬೆಳಿಗ್ಗೆ ಡಾಕ್ಟರು ಉದ್ದನೆಯ ಕಾಗದ ಬಿಡಿಸಿ, "ಗಂಟೆಗೆ ನಲವತ್ತೆರಡು ಸಲ ನಿಮ್ಮ ಉಸಿರು ನಿಂತು ಹೋಗ್ತಾ ಇದೆ ಅಮ್ಮ. ಅದಕ್ಕೇ ನಿಮಗೆ ಹಗಲೆಲ್ಲ ತೂಕಡಿಕೆ," ಎಂದಿದ್ದರು. ಅಂದಿನಿಂದ ಅವಳಿಗೆ ಮಲಗುವುದೇ ಭಯವಾಗಿತ್ತು. ಐವತ್ತೊಂದು ವರ್ಷ ತನ್ನದೆಂದು ತಿಳಿದುಕೊಂಡಿದ್ದ ಮೈ ತನ್ನನ್ನು ಕೇಳದೆ ನಲವತ್ತೆರಡು ಸಲ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ನಲವತ್ತಮೂರನೆಯ ಸಲ ಹೊರಡದೆ ಹೋದರೆ ಕೇಳುವವರು ಯಾರು?

ಆದರೆ ಅವಳನ್ನು ಆಸ್ಪತ್ರೆಗೆ ಕಳಿಸಿದ ಭಯ ಅದಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಲಸೂರಿನಿಂದ ಹಿಡಿದು ಇಂದಿರಾನಗರ, ಕಲ್ಯಾಣ ನಗರದವರೆಗೆ ಅವಳಿಗಿದ್ದ ಹೆಸರು 'ನೀರು ಹಾಕೋ ಆದಿಲಕ್ಷ್ಮಿ'. ಹೆರಿಗೆಯಾದ ಮನೆಗಳಿಗೆ ಹೋಗಿ ಎಳೆಮಕ್ಕಳಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿ ಬರುವುದು ಇಪ್ಪತ್ತೆಂಟು ವರ್ಷದ ಕೆಲಸ. ಕೆಲಸ ಕಲಿಸಿದವಳು ಅತ್ತೆ. ನೀರು ತಲೆಯ ಮೇಲೆ ಬೀಳುವಾಗ ಮಗು ಉಸಿರು ಕಟ್ಟುತ್ತದೆ. ನೀನೂ ಕಟ್ಟು, ಎಂದು ಹೇಳಿಕೊಟ್ಟಿದ್ದಳು. ನಿನ್ನ ಎದೆ ಗಾಳಿ ಬೇಡುವ ಮೊದಲೇ ಮಗುವಿನ ಎದೆ ಬೇಡಿರುತ್ತದೆ, ಅದಕ್ಕೂ ಮೊದಲು ಚೊಂಬು ಇಳಿಸು. ಅಷ್ಟಾಗಿಯೂ ಮಗು ಉಸಿರು ಹಿಡಿದೇ ಇದ್ದರೆ ಮುಖಕ್ಕೆ ಉಫ್ ಎಂದು ಊದು. ಇಷ್ಟು ವರ್ಷದಲ್ಲಿ ಆದಿಲಕ್ಷ್ಮಿಯ ಕೈಯಲ್ಲಿ ಒಂದು ಮಗುವಿಗೂ ಕಿವಿಗೆ ನೀರು ಹೋದದ್ದಿಲ್ಲ. ಈ ಕೆಲಸಕ್ಕೆ ಬೋರ್ಡು ಇಲ್ಲ, ಚೀಟಿ ಇಲ್ಲ. ಒಂದು ಮನೆಯ ಅಜ್ಜಿ ಇನ್ನೊಂದು ಮನೆಯ ಅಜ್ಜಿಗೆ ಹೇಳಬೇಕು, ಅಷ್ಟೆ.

ಕಾರ್ತಿಕದ ಒಂದು ಬೆಳಿಗ್ಗೆ ಕಲ್ಯಾಣ ನಗರದ ರಶ್ಮಿಯ ಮನೆಯ ಬಚ್ಚಲಲ್ಲಿ ಅವಳು ಕಾಲು ಚಾಚಿ ಕೂತಿದ್ದಳು. ರಶ್ಮಿಯ ಮಗಳು ಶಿವಾನಿಗೆ ಅಂದಿಗೆ ನಲವತ್ತು ದಿನ. ಬಾಣಂತನಕ್ಕೆಂದು ಹಾವೇರಿಯಿಂದ ಬಂದಿದ್ದ ರಶ್ಮಿಯ ತಾಯಿ ಪಾರ್ವತೆವ್ವ ಸಾಂಬ್ರಾಣಿಗೆ ಕೆಂಡ ತರಲು ಒಳಗೆ ಹೋಗಿದ್ದಳು. ಚಾಚಿದ ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಬೋರಲು ಮಲಗಿಸಿ ಬೆನ್ನಿಗೆ ನೀರು ಹಾಕುತ್ತಿದ್ದಳು. ಬಿಸಿನೀರಿನ ಹಬೆ. ಕಡಲೆಹಿಟ್ಟು ಕಟ್ಟಿಕೊಂಡು ಮೋರಿಯ ಬಾಯಲ್ಲಿ ಎರಡು ಬೆರಳಿನಷ್ಟು ನೀರು ನಿಂತಿತ್ತು. ಅಷ್ಟು ಅವಳಿಗೆ ನೆನಪಿದೆ.

ಚೊಂಬು ಉರುಳಿದ ಸದ್ದಿಗೆ ಕಣ್ಣು ಬಿಟ್ಟಳು. ಕಾಲ ಮೇಲೆ ಮಗು ಇರಲಿಲ್ಲ. ಅವಳ ಮೀನಖಂಡಕ್ಕೂ ಗೋಡೆಗೂ ನಡುವೆ ಜಾರಿ, ಮುಖ ಆ ಎರಡು ಬೆರಳು ನೀರಿನಲ್ಲಿತ್ತು. ಎತ್ತಿ, ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದಳು. ಮುಖಕ್ಕೆ ಊದಿದಳು. ಮತ್ತೆ ಊದಿದಳು. ಮೂರನೆಯ ಸಲಕ್ಕೆ ಮಗು ಕೆಮ್ಮಿ, ಕೆಂಪಾಗಿ, ಕಿರುಚಿತು.

"ಯಾಕವ್ವಾ ಲಕ್ಷ್ಮವ್ವ, ಇವತ್ತ್ಯಾಕ ಇಷ್ಟ ಅಳಾಕತ್ತೈತಿ ಕೂಸು?" ಕೆಂಡದ ತಟ್ಟೆ ಹಿಡಿದು ಬಂದ ಪಾರ್ವತೆವ್ವ ಕೇಳಿದಳು.

"ಕಣ್ಣಿಗೆ ಕಡಲೆಹಿಟ್ಟು ಹೋಯ್ತು," ಎಂದಿದ್ದಳು ಆದಿಲಕ್ಷ್ಮಿ.

ಮರುದಿನ ಸೊಂಟನೋವು ಎಂದು ಹೇಳಿಕಳಿಸಿ ಎಲ್ಲ ಮನೆಗಳನ್ನೂ ಬಿಟ್ಟಳು. ಗಂಡನಿಗೆ ತೂಕಡಿಕೆಯ ಸಂಗತಿ ಮಾತ್ರ ಹೇಳಿದಳು. ಅವನೂ ಅದನ್ನು ನಗುತ್ತಲೇ ಕೇಳಿದ್ದ. ಹಲಸೂರಿಗೆಂದು ಬಸ್ಸು ಹತ್ತಿದವಳು ಶಿವಾಜಿನಗರದಲ್ಲಿ ಕಂಡಕ್ಟರು ಎಬ್ಬಿಸಿದ ಮೇಲೆ ಇಳಿದು ಬರುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು.

ಯಂತ್ರ ಬಂದ ಮೊದಲ ರಾತ್ರಿ ಅವಳು ಧೈರ್ಯ ಮಾಡಿ ಮಾಸ್ಕು ಹಾಕಿಕೊಂಡು ಮಲಗಿದಳು. ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಫ್ಯಾನಿನ ಜೊತೆಗೇ ಗಾಳಿಯೂ ನಿಂತಿತು. ಕತ್ತಲಲ್ಲಿ ಮುಖದ ಮೇಲೆ ಕೂತಿದ್ದ ಆ ವಸ್ತುವಿನ ಪಟ್ಟಿ ಎಲ್ಲಿ ಬಿಚ್ಚಬೇಕೆಂದು ಅವಳ ಬೆರಳಿಗೆ ತಿಳಿಯಲಿಲ್ಲ. ಬಾಯಿ ತೆರೆದರೆ ಸಾಕು ಎಂಬುದೂ ಹೊಳೆಯಲಿಲ್ಲ. ಸಂಜೀವಪ್ಪ ಎದ್ದು ಟಾರ್ಚು ಹಾಕುವಷ್ಟರಲ್ಲಿ ಒಂದು ಹಿಡಿ ಕೂದಲ ಸಮೇತ ಅದನ್ನು ಕಿತ್ತಿದ್ದಳು. ಮೋರಿಯ ಬಾಯಲ್ಲಿ ಮುಖವಿಟ್ಟು ಮಲಗಿದಾಗ ಹೀಗೇ ಇರುತ್ತದೆ ಎಂದು ಅನ್ನಿಸಿತು. ಅದನ್ನು ಮನಸ್ಸಿನಲ್ಲಿ ಅಂದುಕೊಳ್ಳಲೂ ಅವಳಿಗೆ ಹೆದರಿಕೆಯಾಯಿತು.

ಎರಡನೆಯ ರಾತ್ರಿಯಿಂದ ಒಂದು ಉಪಾಯ ಮಾಡಿದಳು. ಗಂಡ ನೋಡುವಾಗ ಮಾಸ್ಕು ಹಾಕಿಕೊಳ್ಳುವುದು. ಅವನು ಆಚೆ ಮಗ್ಗುಲಾದ ಮೇಲೆ ಬಿಚ್ಚಿ ದಿಂಬಿನ ಪಕ್ಕ ಇಡುವುದು. ಯಂತ್ರ ಬೆಳಗಿನ ತನಕ ಗುಂಯ್ ಎನ್ನುತ್ತಿರುತ್ತದೆ, ಕಾರ್ಡಿನಲ್ಲಿ ಗಂಟೆ ಬರೆದುಕೊಳ್ಳುತ್ತದೆ. ಅವಳು ಗೋಡೆಗೆ ಒರಗಿ ಕೂತು, ನಿದ್ದೆ ಬಂದಾಗಲೆಲ್ಲ ತೊಡೆ ಚಿವುಟಿಕೊಳ್ಳುವಳು.

ಹತ್ತನೆಯ ದಿನ ಮುನೀರ್ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದ. ಸಂಜೀವಪ್ಪ ಮೊದಲ ಶಿಫ್ಟಿಗೆ ಹೋಗಿದ್ದ. ಮುನೀರ್ ಬಹಳ ಹೊತ್ತು ಪರದೆ ನೋಡಿ, ಗಡ್ಡ ಕೆರೆದುಕೊಂಡ.

"ಮೆಷಿನ್ ದಿನಾ ಏಳು ಗಂಟೆ ಚೆನ್ನಾಗಿ ನಿದ್ದೆ ಮಾಡಿದೆ. ನೀವು ಎಷ್ಟೊತ್ತು ಮಾಡಿದ್ರಿ ಅಕ್ಕಾ?"

ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಗಾಳಿ ಹೊರಗೆ ಸೋರಿದ್ರೆ ಅದೂ ಇದ್ರಲ್ಲಿ ಬರುತ್ತೆ. ಒಂಬತ್ತು ದಿನ ಎಲ್ಲಾ ಸೋರಿಕೇನೇ. ನಿಮ್ಮ ಯಜಮಾನ್ರಿಗೆ ಹೇಳಲ್ಲ, ಬಿಡಿ. ಒಂದ್ಸಲ ನನ್ ಮುಂದೆ ಹಾಕ್ಕೊಳ್ಳಿ."

ಹಾಕಿಕೊಂಡಳು. ಗಾಳಿ ಬಂತು. ಮುನೀರ್ ಅವಳ ಮುಖ ನೋಡಲಿಲ್ಲ, ಭುಜ ನೋಡಿದ. "ಅಲ್ಲಾ ಅಕ್ಕಾ, ಗಾಳಿ ಬಂದ ತಕ್ಷಣ ನೀವು ಉಸಿರು ಹಿಡ್ಕೋತೀರಲ್ಲ, ಯಾಕೆ? ಹಿಡ್ಕೊಂಡ್ರೆ ಉಸಿರು ಕಟ್ದೇ ಇರುತ್ತಾ? ಎಷ್ಟು ಜನಕ್ಕೆ ಹಾಕಿದೀನಿ, ಎಲ್ರೂ ಬುಸುಬುಸು ಅಂತಾರೆ. ಹಿಡ್ಕೊಳ್ಳೋರ್ನ ನೋಡಿದ್ದು ಇದೇ ಮೊದ್ಲು."

ಅವಳು ಮಾಸ್ಕು ಬಿಚ್ಚಿದಳು. ಮುಖಕ್ಕೆ ಏನು ಬಂದರೂ ಎದೆ ತಾನಾಗಿ ಬಿಗಿಯುವುದು ಇಪ್ಪತ್ತೆಂಟು ವರ್ಷದ ಪಾಠ. ಚೊಂಬು ಇಳಿದರೆ ಉಸಿರು ಬಿಡಬೇಕು. ಈ ಗಾಳಿ ಇಳಿಯುವುದೇ ಇಲ್ಲ.

"ಮೊದ್ಲೇ ಮಲಕ್ಕೊಂಡು ಹಾಕ್ಬೇಡಿ," ಎಂದ ಮುನೀರ್ ಚೀಲ ಕಟ್ಟುತ್ತ. "ಹಗಲು ಹೊತ್ತು ಕೂತ್ಕೊಂಡು, ಕೈಗೆ ಏನಾದ್ರೂ ಕೆಲಸ ಇಟ್ಕೊಂಡು ಹಾಕ್ಕೊಳ್ಳಿ. ಕೈ ಕೆಲಸ ಮಾಡ್ತಿದ್ರೆ ಮೂಗು ತನ್ನ ಪಾಡಿಗೆ ತಾನು ಇರುತ್ತೆ. ಕರೆಂಟ್ ಹೋದ್ರೂ ಏನಾಗಲ್ಲ. ಇಲ್ಲಿ ನೋಡಿ, ಮಾಸ್ಕಲ್ಲೇ ಗಾಳಿ ಆಡೋಕೆ ಸಣ್ಣ ತೂತುಗಳು. ಬಾಯಿ ಅಂತೂ ನಿಮ್ದೇ."

ಅವರೆಕಾಯಿಯ ಕಾಲ. ಮರುದಿನ ಮಧ್ಯಾಹ್ನ ನೆನೆಸಿದ ಅವರೆಕಾಳನ್ನು ಮೊರಕ್ಕೆ ಹಾಕಿಕೊಂಡು, ಮಾಸ್ಕು ಕಟ್ಟಿಕೊಂಡು, ಒಂದೊಂದೇ ಕಾಳನ್ನು ಹಿಸುಕಿ ಬೇಳೆ ತೆಗೆಯತೊಡಗಿದಳು. ಒಂದು ಕಾಳಿಗೆ ಉಸಿರು ಒಳಗೆ, ಮುಂದಿನ ಕಾಳಿಗೆ ಹೊರಗೆ. ಹತ್ತು ಕಾಳಿಗೆ ಕಿತ್ತಿಟ್ಟಳು. ಮತ್ತೆ ಹಾಕಿಕೊಂಡಳು. ಮೂರನೆಯ ದಿನಕ್ಕೆ ಅರ್ಧ ಮೊರ ಮುಗಿಯಿತು. ಕಿಟಕಿಯಲ್ಲಿ ಇಣುಕಿದ ಪಕ್ಕದ ಮನೆಯ ಮಾರಕ್ಕ, "ಅಯ್ಯೋ ಶಿವನೇ, ಆನೆ ಸೊಂಡ್ಲು ಬಂದೈತಲ್ಲ ಆದಿಲಕ್ಷ್ಮಿ. ಚೌತಿ ಯಾವಾಗ್ಲೋ ಮುಗೀತಲ್ಲೆ," ಎಂದಳು. ಮಾಸ್ಕಿನೊಳಗೇ ಅವಳಿಗೆ ನಗು ಬಂತು. ನಗುವಾಗ ಬಾಯಿಂದ ಗಾಳಿ ಹೊರಟು ಅದೂ ಒಂದು ವಿಚಿತ್ರ ಸದ್ದಾಯಿತು. ಆದರೆ ರಾತ್ರಿ ಮಾತ್ರ ಮಲಗಿ ಹಾಕಿಕೊಳ್ಳಲು ಕೈ ಬರಲಿಲ್ಲ. ಕಣ್ಣು ಮುಚ್ಚಿದರೆ ಎರಡು ಬೆರಳು ನೀರು.

ಐದನೆಯ ದಿನ ಮಧ್ಯಾಹ್ನ ಆಟೋದಿಂದ ಇಳಿದು, ಓಣಿಯವರನ್ನು ಕೇಳಿಕೊಂಡು ಪಾರ್ವತೆವ್ವ ಬಂದಳು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯ ಗಂಟು. ಬಾಗಿಲಲ್ಲಿ ನಿಂತು, ಮೂಗಿಗೆ ಕೊಳವೆ ಹಾಕಿಕೊಂಡು ಅವರೆಕಾಳು ಹಿಸುಕುತ್ತಿದ್ದ ಆದಿಲಕ್ಷ್ಮಿಯನ್ನು ನೋಡಿ ಗಾಬರಿಯಾದಳು.

"ಏನವ್ವಾ ಇದು? ಸೊಂಟ ನೋವು ಅಂದಿದ್ದಿ?"

ಆದಿಲಕ್ಷ್ಮಿ ಮಾಸ್ಕು ಬಿಚ್ಚಿ, ಚಾಪೆ ಹಾಸಿ, ನೀರು ಕೊಟ್ಟಳು. ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗ ಎಂದಳು. ಪಾರ್ವತೆವ್ವ ಲೊಚಗುಟ್ಟಿ ತಾನು ಬಂದ ಸಂಗತಿಗೆ ಬಂದಳು. ಹೊಸದಾಗಿ ಬಂದ ಹೆಂಗಸು ಮಗುವನ್ನು ಕೊಡಪಾನ ತೊಳೆದ ಹಾಗೆ ತೊಳೆಯುತ್ತಾಳೆ. ತನಗೆ ಮೊಣಕಾಲು ನೋವು, ಕೆಳಗೆ ಕೂತರೆ ಏಳಲಾಗುವುದಿಲ್ಲ. ರಶ್ಮಿಗೆ ನೀರು ಹಾಕಲು ಬರುವುದಿಲ್ಲ. ನೀರಿನ ಸದ್ದು ಕೇಳಿದರೆ ಸಾಕು, ಶಿವಾನಿ ಅಳುತ್ತಾಳೆ.

"ಆರಾಮ ಆದ ಮ್ಯಾಲೆ ಬಾರವ್ವ. ನಿನ್ನ ಕೈಯಾಗ ಕೂಸು ಇದ್ರ ನಂಗ ಒಂದೀಟೂ ಅಂಜಿಕಿ ಇಲ್ಲ."

ಬೇರೆ ಏನು ಹೇಳಿದ್ದರೂ ಆದಿಲಕ್ಷ್ಮಿ ತಲೆಯಾಡಿಸಿ ಕಳಿಸಿಬಿಡುತ್ತಿದ್ದಳು. ಆ ಮಾತು ಮಾತ್ರ ಎದೆಯಲ್ಲಿ ನಿಂತಿತು. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮಾ, ಅವತ್ತು ಕಣ್ಣಿಗೆ ಕಡಲೆಹಿಟ್ಟು ಹೋಗಿರ್ಲಿಲ್ಲ."

"ಯಾವತ್ತ?"

"ಮಗು ತುಂಬಾ ಅತ್ತಿತ್ತಲ್ಲ, ಅವತ್ತು. ನಂಗೆ ನಿದ್ದೆ ಬಂದ್ಬಿಟ್ಟಿತ್ತು. ಮಗು ಕಾಲಿಂದ ಜಾರಿ ನೀರಿಗೆ ಬಿದ್ದಿತ್ತು. ಮುಖ ನೀರಲ್ಲಿತ್ತು."

ಓಣಿಯ ತುದಿಯ ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಕಂಡಕ್ಟರುಗಳು ಹೊಸಕೋಟೆ, ಹೊಸಕೋಟೆ ಎಂದು ಕೂಗುತ್ತಿದ್ದರು. ಪಾರ್ವತೆವ್ವ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು.

"ಎಷ್ಟೊತ್ತು?"

"ಗೊತ್ತಿಲ್ಲಮ್ಮ. ಎದ್ದಾಗ ಉಸಿರು ಇರ್ಲಿಲ್ಲ. ಊದಿದೆ. ಮೂರು ಸಲಕ್ಕೆ ಬಂತು."

"ಅದೆಲ್ಲಾ ಆದಮ್ಯಾಲೆ ನಾ ಬಂದ್ನೆಲ್ಲ, ನನ್ನ ಕೈಯಾಗ ಕೂಸು ಕೊಟ್ಟು ನೀ ಚಾ ಕುಡದು ಹೋದಿ."

"ಹೌದು."

ಪಾರ್ವತೆವ್ವನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಬೈದಿದ್ದರೆ ಆದಿಲಕ್ಷ್ಮಿಗೆ ತಡೆದುಕೊಳ್ಳಬಹುದಾಗಿತ್ತು. ಪಾರ್ವತೆವ್ವ ಗೋಡೆ ಹಿಡಿದು, ಮೊಣಕಾಲು ಊರಿ, ಕಷ್ಟಪಟ್ಟು ಎದ್ದಳು. ಹಿಡಿದೆಬ್ಬಿಸಲು ಆದಿಲಕ್ಷ್ಮಿ ಚಾಚಿದ ಕೈಯನ್ನು ಹಿಡಿಯಲಿಲ್ಲ. ರೊಟ್ಟಿಯ ಗಂಟನ್ನು ಎತ್ತಿಕೊಂಡಳು. ಚಪ್ಪಲಿ ಮೆಟ್ಟುವಾಗ ಒಂದು ಕಾಲಿನದು ಸರಿಯಾಗಿ ಸಿಗದೆ, ಕಾಲಲ್ಲೇ ತಡಕಾಡಿ, ಹಾಗೇ ಎಳೆದುಕೊಂಡು ಹೋದಳು.

ಅಂದು ಸಂಜೆಯಿಂದ ಆದಿಲಕ್ಷ್ಮಿ ಕಾದಳು. ರಶ್ಮಿ ಗಂಡನೊಂದಿಗೆ ಕಾರಿನಲ್ಲಿ ಬಂದು ಓಣಿಯೆಲ್ಲ ಕೇಳುವಂತೆ ಕೂಗಬಹುದು. ಪಾರ್ವತೆವ್ವ ಪಕ್ಕದ ಮನೆಯ ಅಜ್ಜಿಗೆ ಹೇಳುತ್ತಾಳೆ. ಆ ಅಜ್ಜಿ ಇಂದಿರಾನಗರದ ತಂಗಿಗೆ. ಹಲಸೂರಿಗೆ ಬರುವಷ್ಟರಲ್ಲಿ ಮಗು ಸತ್ತೇಹೋಗಿತ್ತು ಎಂದಾಗಿರುತ್ತದೆ. ಸಾಯಲಿಲ್ಲ ಎಂದು ಹೇಳಲು ತನಗೆ ಬಾಯಿಯಾದರೂ ಎಲ್ಲಿದೆ? ಸತ್ತಿದ್ದರೆ? ಸಾಂಬಾರಿಗೆ ಉಪ್ಪು ಎರಡು ಸಲ ಹಾಕಿದಳು. ಸಂಜೀವಪ್ಪ ತಿಂದು, "ಸಮುದ್ರ ಹತ್ರ ಬಂತು ಅನ್ಸುತ್ತೆ," ಎಂದನೇ ಹೊರತು ಬೇರೆ ಕೇಳಲಿಲ್ಲ.

ರಾತ್ರಿ ಹೇಗೂ ನಿದ್ದೆ ಇಲ್ಲವೆಂದು ಮಾಸ್ಕು ಕಟ್ಟಿಕೊಂಡಳು. ಕಿತ್ತುಹಾಕುವ ಮನಸ್ಸೂ ಇರಲಿಲ್ಲ. ಆಗುವುದಿದ್ದರೆ ಆಗಲಿ. ಗಾಳಿ ಬಂದಾಗ ಎದೆ ಬಿಗಿಯಿತು. ಕತ್ತಲಲ್ಲಿ ಹೆಬ್ಬೆರಳು ತೋರುಬೆರಳು ಕಾಳನ್ನು ಹಿಸುಕುವಂತೆ ತಾವಾಗಿ ಆಡತೊಡಗಿದವು.

ಎದ್ದಾಗ ಬೆಳಕಾಗಿತ್ತು. ಸಂಜೀವಪ್ಪ ಪಕ್ಕದಲ್ಲಿ ಎದ್ದು ಕೂತಿದ್ದ. ಅವನ ಒಂದು ಕೈ ಅವಳ ಹೊಟ್ಟೆಯ ಮೇಲಿತ್ತು.

"ಏನ್ರೀ?"

"ಏನಿಲ್ಲ." ಅವನು ಕೈ ತೆಗೆದುಕೊಂಡ. "ಇಪ್ಪತ್ತೆಂಟು ವರ್ಷ ಲಾರಿ ಓಡಿಸ್ದಂಗೆ ಗೊರಕೆ ಹೊಡ್ದೋಳು ರಾತ್ರಿ ಒಂದ್ ಸದ್ದು ಇಲ್ಲ. ನೀನು ಉಸಿರಾಡ್ತಿದೀಯಾ ಇಲ್ವಾ ಅಂತ ಮೂರು ಗಂಟೆಯಿಂದ ನೋಡ್ತಾ ಕೂತಿದೀನಿ. ಆ ಮುನೀರಂಗೆ ಹೇಳು, ನಂಗೂ ಏನಾದ್ರೂ ಔಷಧಿ ಕೊಡಕ್ಕೆ."

ಯಾರೂ ಬರಲಿಲ್ಲ. ಹನ್ನೆರಡು ದಿನ ಹಾಗೇ ಕಳೆಯಿತು. ಎರಡು ರಾತ್ರಿ ಮಾಸ್ಕು ಕಿತ್ತಳು, ಉಳಿದ ರಾತ್ರಿ ಹಾಕಿಕೊಂಡಳು. ಮೂಗಿನ ಮೇಲೆ ಒಂದು ಕೆಂಪು ಗೆರೆ ಮೂಡಿತು. ಹಗಲು ತೂಕಡಿಕೆ ಕಡಿಮೆಯಾದಂತೆ ಕಂಡರೂ ಅವಳು ನಂಬಲಿಲ್ಲ. ಕೂತಲ್ಲೆಲ್ಲ ತನ್ನ ರೆಪ್ಪೆಗಳನ್ನು ತಾನೇ ಕಾಯುತ್ತಿದ್ದಳು. ಮುನೀರ್ ಬಂದು ಕಾರ್ಡು ನೋಡಿ, "ಈಗ ನೀವೂ ಮಲಗ್ತಾ ಇದೀರ," ಎಂದು ನಕ್ಕ. ಹೊರಡುವಾಗ, ಇನ್ನು ಕೆಲಸಕ್ಕೆ ಹೋಗಬಹುದಾ ಎಂದು ಅವಳು ಕೇಳಿದಳು. ಅದನ್ನು ಡಾಕ್ಟರು ಹೇಳಬೇಕು ಎಂದ. ಡಾಕ್ಟರು, ಹೋಗಬಹುದು, ಆದರೆ ಮೊದಮೊದಲು ಪಕ್ಕದಲ್ಲಿ ಯಾರಾದರೂ ಇರಲಿ, ಎಂದರು.

ಹದಿಮೂರನೆಯ ದಿನ ಮಾರಕ್ಕನ ಮನೆಗೆ ಫೋನು ಬಂತು.

"ಲಕ್ಷ್ಮವ್ವಾ." ಪಾರ್ವತೆವ್ವನ ದನಿ. "ರಶ್ಮಿಗೆ ಹೇಳಿಲ್ಲ. ಹೇಳಿದ್ರ ಆಕಿ ನಿನ್ನ ಹೊಸ್ತಿಲಾ ತುಳ್ಯಾಕ ಬಿಡಂಗಿಲ್ಲ. ನಾ ಯಾಕ ಹೇಳಿಲ್ಲ ಅಂತ ನಂಗ ತಿಳೀವಲ್ದು."

ಆದಿಲಕ್ಷ್ಮಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆ ಮಷೀನು ಹಾಕ್ಕೊಳ್ಳಾಕತ್ತಿಯೇನು?"

"ಹಾಕ್ಕೊಳ್ತಾ ಇದೀನಮ್ಮ."

"ದಿನಾಲೂ?"

"ಎರಡು ದಿನ ಆಗ್ಲಿಲ್ಲ."

"ಎರಡ ದಿನ ಆಗ್ಲಿಲ್ಲ," ಎಂದು ಪಾರ್ವತೆವ್ವ ತನಗೆ ತಾನೇ ಹೇಳಿಕೊಂಡಳು. "ನಾಳೆ ಮುಂಜಾನೆ ಬಾ. ನಾ ಅಲ್ಲೇ ಕುಂತಿರ್ತೀನಿ. ಕೆಂಡ ತರಾಕೂ ಏಳಂಗಿಲ್ಲ."

ಕಲ್ಯಾಣ ನಗರದ ಬಚ್ಚಲಿನಲ್ಲಿ ಮೋರಿಯ ಬಾಯಿಯ ಜಾಲರಿಯನ್ನು ಯಾರೋ ತಿಕ್ಕಿ ಹೊಳೆಯುವಂತೆ ಮಾಡಿದ್ದರು. ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಪಾರ್ವತೆವ್ವ ಸೀರೆ ಎತ್ತಿಕಟ್ಟಿ ಅದರ ಮೇಲೆ ಕೂತಿದ್ದಳು. ಬಿಸಿನೀರಿನ ಬಕೆಟ್ಟನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಿದ್ದಳು. ಒಳಗಿನ ಕೋಣೆಯಲ್ಲಿ ರಶ್ಮಿ ಯಾರೊಂದಿಗೋ ಫೋನಿನಲ್ಲಿ ಆಫೀಸಿನ ಮಾತಾಡುತ್ತಿದ್ದಳು.

ಆದಿಲಕ್ಷ್ಮಿ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಕಾಲು ಅಲುಗದಂತೆ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿದಳು. ಎಣ್ಣೆ ಹಚ್ಚಿದ ಶಿವಾನಿ ಈಗ ಮೊದಲಿಗಿಂತ ತೂಕವಾಗಿದ್ದಳು. ಕಾಲ ತಗ್ಗಿನಲ್ಲಿ ಮಲಗಿಸಿದ ಕೂಡಲೇ ಮಗು ಅಳಲು ಬಾಯಿ ತೆರೆಯಿತು. ಅಭ್ಯಾಸದಂತೆ ಆದಿಲಕ್ಷ್ಮಿಯ ಬಲಗೈ ಚೊಂಬಿಗಾಗಿ ಚಾಚಿತು.

"ಬ್ಯಾಡ," ಎಂದಳು ಪಾರ್ವತೆವ್ವ. "ಎರಡೂ ಕೈ ಕೂಸಿನ ಮ್ಯಾಲೆ ಇರ್ಲಿ. ನೀರ ನಾ ಹಾಕ್ತೀನಿ."

ಚೊಂಬು ಬಕೆಟ್ಟಿನಲ್ಲಿ ಮುಳುಗಿ ತುಂಬಿಕೊಂಡು ಮೇಲೆ ಬಂತು. ಹಬೆ ಎದ್ದು ಇಬ್ಬರ ನಡುವೆ ನಿಂತಿತು. ಆದಿಲಕ್ಷ್ಮಿ ಮಗುವಿನ ಕತ್ತಿನ ಕೆಳಗೆ ಅಂಗೈ ಇಟ್ಟು, ಹಣೆಯ ಮೇಲೆ ಇನ್ನೊಂದು ಅಂಗೈಯನ್ನು ಅಡ್ಡ ಹಿಡಿದು, ನೀರಿಗಾಗಿ ಕಾದಳು. ನೀರು ಬೀಳಲಿಲ್ಲ. ತಲೆಯೆತ್ತಿದಳು.

ಪಾರ್ವತೆವ್ವ ಚೊಂಬನ್ನಾಗಲಿ ಮಗುವನ್ನಾಗಲಿ ನೋಡುತ್ತಿರಲಿಲ್ಲ. ಬಗ್ಗಿ, ಹಬೆಯೊಳಗಿಂದ, ಆದಿಲಕ್ಷ್ಮಿಯ ಕಣ್ಣುಗಳನ್ನೇ ನೋಡುತ್ತಿದ್ದಳು. ಆದಿಲಕ್ಷ್ಮಿ ರೆಪ್ಪೆ ಮಿಟುಕಿಸದೆ ತಲೆಯಾಡಿಸಿದಳು. ಪಾರ್ವತೆವ್ವನ ಕೈ ನಿಧಾನವಾಗಿ ಓರೆಯಾಗಿ, ಉಗುರುಬೆಚ್ಚನೆಯ ನೀರು ಸಣ್ಣಗೆ ಮಗುವಿನ ನೆತ್ತಿಯ ಮೇಲೆ ಇಳಿಯಿತು. ನೋಟ ಮಾತ್ರ ಇದ್ದಲ್ಲೇ ಇತ್ತು.